ಸುಡಬೇಕಾಗಿದ್ದ ಅರ್ಧ

ಕಾರ್ಖಾನೆಯ ನೀರು ಸೇರುವ ಹೊಳೆಯಿಂದ ಪ್ರಯೋಗಾಲಯಕ್ಕೆ ಬರುವ ಪ್ರತಿ ಮೀನಿನಲ್ಲೂ ಅರ್ಧ ಪರೀಕ್ಷೆಗೆ, ಉಳಿದರ್ಧ ಬೆಂಕಿಗೆ. ಆ ಅರ್ಧವನ್ನು ಸುಡಬೇಕಾದ ಜವಾನ, ಆ ಮಹಾರಾಯ, ಅದನ್ನು ತನ್ನ ಊಟದ ಡಬ್ಬಿಗೆ ತುಂಬುತ್ತಿದ್ದುದನ್ನು ಕಂಡು ಪರೀಕ್ಷಕಿ ಕೂಗಿದಳು.

"ಪಾದರಸದ ಮೀನು ಕಣಯ್ಯಾ! ತಲೆ ಕೆಟ್ಟಿದೆಯಾ ನಿನಗೆ?"

"ಅಷ್ಟೂ ಗೊತ್ತಿಲ್ವಾ ಮೇಡಂ? ತಲೆ, ಚರ್ಮ, ಕರುಳು, ಕೊಬ್ಬು ಎಲ್ಲಾ ಬಿಸಾಕಿ, ಏಳು ಸಲ ತೊಳೆದು, ಬರೀ ಮಾಂಸ ಬೇಯಿಸ್ತೀನಿ. ನಾನು ಮುಟ್ಟಲ್ಲ. ಬಸುರಿ ಆದಾಗಿಂದ ಎಲ್ಲಾ ಹೆಂಡ್ತಿಗೇ."

ಪಾದರಸ ಅಂಟಿಕೊಳ್ಳುವುದೇ ಆ ಮಾಂಸದ ಪ್ರೋಟೀನಿಗೆ. ತೊಳೆದರೂ ಬೇಯಿಸಿದರೂ ಬಿಡುವುದಿಲ್ಲ. "ಎಷ್ಟನೇ ತಿಂಗಳು?" ಎಂದಷ್ಟೇ ಕೇಳಿದಳು.

"ಒಂಬತ್ತು ತುಂಬ್ತಾ ಬಂತು," ಎಂದು ಅವನು ಹಿಗ್ಗಿದ. "ಹೊಟ್ಟೇಲಿ ಒದೆಯೋದೇ ಅಪರೂಪ ಮೇಡಂ. ಬಲು ಸಾಧು ಮಗು."