ರುಕ್ಮಿಣಿ ಯಾಕೆ ವಿಲನ್

ಟಿವಿಯ ಪರದೆಯ ಮೇಲೆ ಮತ್ತೆ ನುಚ್ಚು ಚೆಲ್ಲಿದ ಹಾಗೆ ಬಿಳಿ ಚುಕ್ಕೆ, ದಾವಲಸಾಬ ತನ್ನ ಮನೆಯ ಮಾಳಿಗೆಯ ಮೇಲೆ ಆಂಟೆನಾ ತಿರುಗಿಸುತ್ತ ಬಂತೇನು ಎಂದು ಕೂಗುತ್ತಾನೆ, ಒಳಗಿಂದ ಅವನ ಹೆಂಡತಿ ಹುಸೇನಬೀ ಇನ್ನೂ ಇಲ್ಲ ಎನ್ನುತ್ತಾಳೆ — ಬಂತು, ರುಕ್ಮಿಣಿಯ ಮುಖ ಬಂತು, ಧಾರಾವಾಹಿಯ ತಾಯಿ, ಹೆಂಡತಿಯನ್ನು ಹೊಡೆಯುವ ಮಗನ ಪೆಟ್ಟಿಗೆಯನ್ನು ಅಂಗಳಕ್ಕೆ ಎಸೆದು ಈ ಮನೆ ಇನ್ನು ನಿನ್ನದಲ್ಲ ಅಂದಳು, ಹಿಂದಿಯಲ್ಲಿ ಅಂದರೂ ಅಫಜಲಪುರದ ನಮಗೆ ತಿಳಿಯದ್ದೇನು, ಅಂದದ್ದೇ ತಡ ಕೋಣೆಯಲ್ಲಿದ್ದವರೆಲ್ಲ ಅವಳ ಮೇಲೆ ಬಿದ್ದರು. ಆಕಿ ಹೆತ್ತಾಕಿ ಅಲ್ಲರಿ, ವಿಲನ್ ಅದಾಳ, ಅಂದಳು ಪಕ್ಕದ ಮನೆಯ ಸುಮಿತ್ರಾಬಾಯಿ. ವಿಲನ್ ಬಂದರೆ ಬೇರೆ ಬಾಜಾ ಬಾರಿಸುತ್ತಾರೆ, ಇವಳಿಗೆ ಬಾರಿಸಲಿಲ್ಲವಲ್ಲ ಎಂದು ಹುಸೇನಬೀಗೆ ಅನುಮಾನ, ಮುಂದಿನ ವಾರ ಬಾರಿಸುತ್ತಾರೆ ಬಿಡು ಎಂದು ಸುಮಿತ್ರಾಬಾಯಿ — ಮುಂದಿನ ವಾರ, ಎಲ್ಲದಕ್ಕೂ ಮುಂದಿನ ವಾರ. ಹೋದ ತಿಂಗಳು ಇದೇ ರುಕ್ಮಿಣಿ ಸೊಸೆಯ ಬಾಯಿ ಮುಚ್ಚಿಸಿ ಮನೆಯ ಮಾತು ಮನೆಯಲ್ಲಿರಲಿ ಅಂದಾಗ ಇದೇ ಸುಮಿತ್ರಾಬಾಯಿ ಎಂಥಾ ತಾಯಿ ಎಂದು ಕಣ್ಣು ಒರೆಸಿಕೊಂಡಿದ್ದಳು, ಆಗ ವಿಲನ್ ಅಲ್ಲ, ಈಗ ವಿಲನ್, ಹೇಗೆ, ನನಗಂತೂ ತಲೆ ಸಿಡಿಯುತ್ತಿದೆ. ಬಾಗಿಲ ಬಳಿ ಗಂಡಸರ ನಡುವೆ ನನ್ನ ಮಗ ಚಂದ್ರಾಮಪ್ಪ, ಇಂಥಾ ಅವ್ವ ಇದ್ದರ ಓಣಿಗೇ ಮಾರಿ ಅನ್ನುತ್ತಾನೆ, ಎಲ್ಲರೂ ನಗುತ್ತಾರೆ, ನನ್ನ ಬೆನ್ನ ಹಿಂದೆ ಸೊಸೆ ಶಿವಕಾಂತಾ ಸೆರಗನ್ನು ಇನ್ನಷ್ಟು ಮುಂದಕ್ಕೆಳೆಯುತ್ತಾಳೆ, ಕೆನ್ನೆ ಬದನೆಕಾಯಿಯ ಬಣ್ಣಕ್ಕೆ ತಿರುಗಿದೆ, ಘತ್ತರಗಿ ಗುಡಿಯ ಮೆಟ್ಟಿಲ ಮೇಲೆ ಜಾರಿದೆ ಅಂದಳಂತೆ, ಹೌದೇ ಪಾಪ ಅಂದರಂತೆ ಇವರು, ಗಾಜಿನೊಳಗಿನ ಹೆಂಗಸಿಗೆ ಬಾಯಿಗೆ ಬಂದದ್ದು ಅನ್ನುವವರು ಒಂದು ಮೊಳ ದೂರದ ಕೆನ್ನೆಗೆ ಏನೂ ಅನ್ನುವುದಿಲ್ಲ, ನಾನೂ ಅನ್ನುವುದಿಲ್ಲ, ಗಾಣಗಾಪುರದ ಯಾತ್ರಿಕರನ್ನು ಟೆಂಪೋದಲ್ಲಿ ಸಾಗಿಸಿ ಮಗ ದುಡ್ಡು ತಂದರೆ ನನಗೂ ರೊಟ್ಟಿ, ರುಕ್ಮಿಣಿಗೇನು, ಬಂಗಲೆ ಅವಳ ಹೆಸರಿನಲ್ಲಿದೆ — ಕರೆಂಟು ಹೋಯಿತು, ಥೂ.

ಬಿಸಿಲಲ್ಲಿ ಮನೆಗೆ ಬಂದೆವು, ಒಲೆ ಆರಿತ್ತು, ಇನ್ನೂ ರೊಟ್ಟಿ ಇಲ್ಲ, ಟಿವಿ ಮುಂದ ಕುಂದ್ರಾಕ ಹೊತ್ತು ಐತಿ ನಿನಗ ಎಂದು ಚಂದ್ರಾಮಪ್ಪ ಶಿವಕಾಂತಾಳ ಹೆರಳಿಗೆ ಕೈ ಹಾಕಿದ, ಅವಳು ಕೂಗಲಿಲ್ಲ, ಕಣ್ಣು ಮುಚ್ಚಿಕೊಂಡಳು, ಆ ರೂಢಿ ನೋಡಿ ನನ್ನ ಕಾಲು ತಾನಾಗಿ ಎದ್ದಿತು, ಇಬ್ಬರ ನಡುವೆ ನಿಂತೆ. ಹೊರಗ ನಡಿ ಚಂದ್ರಾಮ. ಅವನು ನಕ್ಕ, ಧಾರಾವಾಹಿ ನೋಡಿ ತಲಿ ಕೆಟ್ಟದೇನು ಯವ್ವಾ ಅಂದ, ನಗುತ್ತಲೇ ಅಂಗಳಕ್ಕಿಳಿದು ಮುಖಕ್ಕೆ ನೀರು ಹಾಕಿಕೊಳ್ಳಲು ಬಗ್ಗಿದ, ನಾನು ಬಾಗಿಲು ಮುಚ್ಚಿ ಚಿಲಕ ಹಾಕಿದೆ, ಹಾಕಿದವಳು ನಾನೇ. ಬಡಿದ, ಒದ್ದ, ಓಣಿ ಕೂಡಿತು, ಏನ್ರಿ ಇದು ಶಾರದಾಬಾಯಿ, ಹೆತ್ತ ಮಗನ್ರಿ, ಅಂದಿತು ಸುಮಿತ್ರಾಬಾಯಿಯ ದನಿ, ಶಿವಕಾಂತಾ ಒಲೆಯ ಮುಂದೆ ಕೂತು, ತಗೀರಿ ಅತ್ತಿ, ನನ್ನ ಸಲುವಾಗಿ ಬ್ಯಾಡ ಅಂದಳು, ನಿನ್ನ ಸಲುವಾಗಿ ಅಷ್ಟ ಅಲ್ಲ ಅಂದೆ, ಮತ್ತೆ ಯಾರ ಸಲುವಾಗಿ, ಗೊತ್ತಿಲ್ಲ, ವಿಲನ್ ಅಂತಾರ ಅನ್ನಲಿ, ಅನ್ನುವುದು ಬಿಟ್ಟು ಇವರಿಗೇನು ಬರುತ್ತದೆ. ಹೊರಗೆ ಗದ್ದಲ ನಿಂತಿತು. ಎರಡು ಕದದ ಸಂದಿಯಿಂದ ಅವನ ಬೆರಳು ಒಳಗೆ ಬಂದವು, ಚಿಲಕ ಹುಡುಕುತ್ತ, ಚಿಲಕದ ಮೇಲೆ ನನ್ನ ಕೈ, ತಾಗಿದವು, ತಣ್ಣೀರಲ್ಲಿ ನೆಂದ ಬೆರಳು. ಯವ್ವಾ, ಕೈ ತಗಿ. ನಾನು ತೆಗೆಯಲಿಲ್ಲ. ಬೆರಳು ಹಿಂದೆ ಸರಿದವು, ಮತ್ತೆ ಬಂದವು, ಒದ್ದೆ ಬೆರಳು, ನನ್ನ ಕೈಯ ಮೇಲೆ, ನನ್ನ ಕೈ ಚಿಲಕದ ಮೇಲೇ —