ಆರನೆಯ ಮಚ್ಚೆ

ಕ್ಷೌರಿಕನಿಗೆ ಊರವರು ಇಟ್ಟ ಹೆಸರು ರೇಡಿಯೋ. ಕತ್ತರಿ ನಿಂತರೂ ಅವನ ಬಾಯಿ ನಿಲ್ಲುತ್ತಿರಲಿಲ್ಲ. ಅಂಥವನು ಆ ವಾರವೆಲ್ಲ ತುಟಿ ಹೊಲಿದುಕೊಂಡವನಂತಿದ್ದ. ಸುತ್ತಲಿನ ಹಳ್ಳಿಗಳಲ್ಲಿ ಕುಷ್ಠರೋಗದ ತಪಾಸಣೆ ನಡೆದಿತ್ತು, ಹನ್ನೊಂದು ಜನ ರೋಗಿಗಳು ಸಿಕ್ಕಿದ್ದರು. ಅವನ ತೋಳಿನ ಮೇಲೆ ತಾಮ್ರಬಣ್ಣದ ಎರಡು ಮಚ್ಚೆಗಳಿದ್ದವು, ಬೆನ್ನಿನ ಮೇಲೆ ಮೂರು. ಚಿವುಟಿದರೂ ಅವಕ್ಕೆ ಅರಿವಿರಲಿಲ್ಲ.

"ಗಿರಾಕಿಗಳಿಗೆ ಗೊತ್ತಾದ್ರೆ ಅಂಗಡಿ ಕದ ಹಾಕ್ಬೇಕಾಗುತ್ತೆ ಅಕ್ಕಾ," ಎಂದು ಅವನು ಅಕ್ಕನ ಮುಂದೆ ಗೋಗರೆದ. "ತಪಾಸಣೆಯವನು ನಾಳೆ ಬರ್ತಾನೆ. ಕಣ್ಣು ಮುಚ್ಚಿಸಿ ಮಚ್ಚೆಗೆ ಪೆನ್ನು ತಾಗಿಸ್ತಾನಂತೆ, ಗೊತ್ತಾದ್ರೆ ಹ್ಞೂಂ ಅನ್ಬೇಕಂತೆ. ತಾಗಿಸಿದಾಗೆಲ್ಲ ನೀನು ಕೆಮ್ಮು. ನಾನು ಹ್ಞೂಂ ಅಂತೀನಿ."

ಅಕ್ಕ ಬೈದಳು. ಆದರೂ ಒಬ್ಬನೇ ತಮ್ಮ, ಒಪ್ಪಿಕೊಂಡಳು.

ಮರುದಿನ ಬೆಳಿಗ್ಗೆ ಆರೋಗ್ಯ ಕಾರ್ಯಕರ್ತ ಬಂದ. ತೆಳ್ಳಗಿನ ಮನುಷ್ಯ, ಮೂರು ದಿನದ ಗಡ್ಡ. ರೇಡಿಯೋ ಅಂಗಿ ಬಿಚ್ಚಿ ಕಣ್ಣು ಮುಚ್ಚಿ ಕುಳಿತ. ಪೆನ್ನಿನ ತುದಿ ಮಚ್ಚೆಗೆ ತಾಗಿತು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಕ್ಕ ಕೆಮ್ಮಿದಳು.

"ಹ್ಞೂಂ."

ಮತ್ತೆ ತಾಗಿತು, ಮತ್ತೆ ಕೆಮ್ಮು. "ಹ್ಞೂಂ." ರೇಡಿಯೋನ ಮುಖ ಅರಳಿತು.

ಅಷ್ಟರಲ್ಲಿ ಒಲೆಯ ಮೇಲಿದ್ದ ಒಣಮೆಣಸಿನಕಾಯಿ ಸೀದು ಘಾಟು ಎದ್ದಿತು. ಅಕ್ಕನಿಗೆ ನಿಜವಾದ ಕೆಮ್ಮೇ ಹತ್ತಿತು. ಅವಳು ಏಳು ಸಲ ಕೆಮ್ಮಿದಳು, ತಮ್ಮ ಏಳು ಸಲ ಹ್ಞೂಂಗುಟ್ಟಿದ. ಕೊನೆಗೆ ಕಣ್ಣು ತೆರೆದರೆ, ಕಾರ್ಯಕರ್ತ ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು, ಕರವಸ್ತ್ರದಲ್ಲಿ ಮೂಗು ಮುಚ್ಚಿ, ಬಿದ್ದು ಬಿದ್ದು ನಗುತ್ತಿದ್ದ.

"ನಿಮ್ಮ ಚರ್ಮಕ್ಕಿಂತ ನಿಮ್ಮಕ್ಕನ ಗಂಟಲೇ ಚುರುಕಾಗಿದೆ," ಎಂದ. ಆಮೇಲೆ ನಗು ನಿಲ್ಲಿಸಿ ಹತ್ತಿರ ಕುಳಿತ. "ಈಗ ಸಿಕ್ಕಿದ್ದು ಒಳ್ಳೇದಾಯ್ತು. ಬೆರಳು ಇನ್ನೂ ಗಟ್ಟಿ ಇದೆ. ಬಿಟ್ಟಿದ್ರೆ ಕತ್ತರಿ ಹಿಡಿಯೋದೇ ಕಷ್ಟ ಆಗ್ತಿತ್ತು. ಮಚ್ಚೆ ಐದರೊಳಗಿದ್ರೆ ಆರು ತಿಂಗಳು ಮಾತ್ರೆ. ಅದಕ್ಕಿಂತ ಜಾಸ್ತಿ ಇದ್ರೆ ಅದು ಇನ್ನೊಂದು ಬಗೆ, ಒಂದು ವರ್ಷ."

"ಐದೇ!" ಎಂದ ರೇಡಿಯೋ ತಟಕ್ಕನೆ. "ನಾನೇ ಎಣಿಸಿದೀನಿ."

"ಆರು," ಎಂದಳು ಅಕ್ಕ, ಕಣ್ಣೊರೆಸಿಕೊಳ್ಳುತ್ತ.

"ಅಕ್ಕಾ!"

"ಸೊಂಟ ಹಿಡ್ಕೊಂಡಾಗ ಎಣ್ಣೆ ತಿಕ್ಕಿದ್ದು ಯಾರೋ? ಪಂಚೆ ಸ್ವಲ್ಪ ಕೆಳಗಿಳಿಸು, ಅವರೂ ನೋಡ್ಲಿ."

ಪಂಚೆ ಸ್ವಲ್ಪ ಇಳಿಯಿತು, ಮಾನ ಪೂರ್ತಿ ಇಳಿಯಿತು. ಆರನೆಯದು ಅಲ್ಲಿ ಹಾಯಾಗಿ ಕುಳಿತಿತ್ತು.

ಕಾರ್ಯಕರ್ತ ಅಕ್ಕನನ್ನೂ ಪರೀಕ್ಷಿಸಿದ. ಅವಳಿಗೆ ಏನೂ ಇರಲಿಲ್ಲ. ಮೊದಲ ಮಾತ್ರೆಗಳನ್ನು ರೇಡಿಯೋ ಅವನೆದುರೇ ನುಂಗಿದ. "ಇವತ್ತು ಮೂತ್ರ ಕೆಂಪಗೆ ಹೋಗುತ್ತೆ, ಹೆದರ್ಬೇಡಿ," ಎಂದು ಹೇಳಿಯೇ ಹೋಗಿದ್ದರೂ, ಮಧ್ಯಾಹ್ನ ಹಿತ್ತಿಲಿನಿಂದ ಬಂದ ಕೂಗಿಗೆ ನೆರೆಮನೆಯವರೆಲ್ಲ ಓಡಿ ಬಂದರು. ಗುಟ್ಟು ಹೀಗೆ ಅವನ ಬಾಯಿಂದಲೇ ರಟ್ಟಾಯಿತು.

ಮೂರು ದಿನ ಅಂಗಡಿಯ ಕಡೆ ಯಾರೂ ಸುಳಿಯಲಿಲ್ಲ. ನಾಲ್ಕನೆಯ ದಿನ, ಸಂತೆಯ ಜನ ತುಂಬಿದ ಹೊತ್ತಿಗೆ, ಕಾರ್ಯಕರ್ತ ಒಳಗೆ ಬಂದು ಕುರ್ಚಿಯಲ್ಲಿ ಕುಳಿತ.

"ಗಡ್ಡ ತೆಗೀರಿ," ಎಂದ, ಬೀದಿಗೆಲ್ಲ ಕೇಳುವಂತೆ. "ಮಾತ್ರೆ ಶುರುವಾದ ಮೇಲೆ ಇವರಿಂದ ಯಾರಿಗೂ ಅಂಟೋದಿಲ್ಲ."

ರೇಡಿಯೋ ಕತ್ತಿಗೆ ಹೊಸ ಬ್ಲೇಡು ಸಿಕ್ಕಿಸಿದ. ನೊರೆ ಹಚ್ಚುತ್ತಿದ್ದಂತೆ ಕಾರ್ಯಕರ್ತನಿಗೆ ಜೋಂಪು ಹತ್ತಿತು. ಗಡ್ಡ ಮುಗಿಯುವಷ್ಟರಲ್ಲಿ ಗೊರಕೆ ಶುರು. ಬಾಗಿಲಲ್ಲಿ ಇಣುಕುತ್ತಿದ್ದವರು ನಾಲ್ಕಾದರು, ಎಂಟಾದರು. ಅವರಲ್ಲಿ ಒಬ್ಬ ಬಸ್ ಕಂಡಕ್ಟರ್ ಕೈಗಡಿಯಾರ ನೋಡಿ ರೇಗಿದ.

"ಏನಯ್ಯಾ ರೇಡಿಯೋ, ಅವರನ್ನ ಎಬ್ಬಿಸ್ತೀಯೋ ಇಲ್ವೋ? ನನಗೆ ಡ್ಯೂಟಿಗೆ ಹೊತ್ತಾಯ್ತು!"