ಚಿತ್ರ ಬಿಟ್ಟು ಓದು

“ಚಿತ್ರ,” ಎಂದಿತು ಕಂಪ್ಯೂಟರಿನ ದನಿ. ಸಾದೋಕನ ಬೆರಳು ಕೀಲಿಮಣೆಯ ಮೇಲೆ ಹಾಗೇ ನಿಂತಿತು. ಅಕ್ಕ ದಲೀಲಾಳ ಜಾಲತಾಣದಲ್ಲಿ ಅದು ಚಿತ್ರದ ಸುದ್ದಿಯನ್ನೇ ಎತ್ತಬಾರದಿತ್ತು.

ಏಳನೆಯ ವಯಸ್ಸಿನಲ್ಲಿ ಕಣ್ಣು ಕಳೆದುಕೊಂಡ ಸಾದೋಕನಿಗೆ ಪರದೆಯ ಮೇಲಿನದನ್ನೆಲ್ಲ ಓದಿ ಹೇಳುವುದು ಆ ದನಿಯೇ. ಒಂದೊಂದು ತಾಣಕ್ಕೆ ಅದರ ನಾಲಗೆಯನ್ನು ಒಂದೊಂದು ಥರ ಪಳಗಿಸಿದ್ದ. ಪತ್ರಿಕೆಗೆ ಓಟದ ವೇಗ, ಬ್ಯಾಂಕಿಗೆ ಬಿಡಿಬಿಡಿ ಅಂಕಿ, ಅಡುಗೆಯ ತಾಣಕ್ಕೆ ಹೆಂಗಸಿನ ಮೆಲುದನಿ. ನಾಬುಲ್ ಊರಿನಲ್ಲಿ ಮಣ್ಣಿನ ತಟ್ಟೆಗಳಿಗೆ ಬಣ್ಣ ಬರೆದು ಮಾರುವ ಅಕ್ಕ ತಾಣ ತೆರೆದ ದಿನ ಅದರಲ್ಲಿ ಬರೀ ಚಿತ್ರಗಳಿದ್ದವು. “ಚಿತ್ರ, ಚಿತ್ರ” ಎಂದು ದನಿ ತಲೆ ತಿಂದಿತ್ತು. ಆ ತಾಣಕ್ಕೆ ಮಾತ್ರ ‘ಚಿತ್ರ ಬಿಟ್ಟು ಓದು’ ಎಂದು ಅಪ್ಪಣೆ ಕೊಟ್ಟು ಕೈತೊಳೆದುಕೊಂಡಿದ್ದ.

ಆಮೇಲೊಂದು ಈದ್‌ಗೆ ಅಕ್ಕ ಫೋನಿನಲ್ಲಿ ಕೇಳಿದ್ದಳು: “ನನ್ನ ಚಿತ್ರ ನೋಡಿದ್ಯೇನೋ?”

“ಕುರುಡನ್ನ ಆಡ್ಕೊಳ್ತೀಯೇನೇ?” ಎಂದು ಉರಿದುಬಿದ್ದು ಫೋನು ಕುಕ್ಕಿದ್ದ. ಮುಂಗೋಪಕ್ಕೆ ಕಣ್ಣು ಬೇಕಾಗುವುದಿಲ್ಲವಲ್ಲ. ಅವಳೂ ಛಲಗಾತಿ, ಮತ್ತೆ ಆ ಮಾತೆತ್ತಲಿಲ್ಲ. ಅಲ್ಲಿಂದೀಚೆಗೆ ಇಬ್ಬರ ನಡುವೆ ಹಬ್ಬದ ಶುಭಾಶಯವಷ್ಟೇ ಉಳಿದಿತ್ತು.

ನಿನ್ನೆ ಆ ದನಿಯ ತಂತ್ರಾಂಶದ ಹೊಸ ಆವೃತ್ತಿ ಹಾಕಿಕೊಂಡಾಗ ಹಳೆಯ ಅಪ್ಪಣೆಗಳೆಲ್ಲ ಅಳಿಸಿಹೋಗಿದ್ದವು. ಇವತ್ತು ಹೆಂಡತಿ ಹಯಾತಳ ತಂಗಿಯ ಮದುವೆಗೆ ಕೂಸ್‌ಕೂಸ್ ಊಟ ಬಡಿಸುವ ದೊಡ್ಡ ತಟ್ಟೆ ಹುಡುಕೋಣವೆಂದು ಕೂತಿದ್ದ. ದನಿ ‘ಚಿತ್ರ’ಕ್ಕೇ ನಿಲ್ಲಲಿಲ್ಲ.

“ನೀಲಿ ತಟ್ಟೆ. ಸಾದೋಕ್, ಸೋದರತ್ತೆ ಮನೆ ಬಾಗಿಲು ನೆನಪಿದ್ಯಾ? ಬಣ್ಣ ಒಣಗೋ ಮೊದ್ಲೇ ಕೈ ಒತ್ತಿ ಒದೆ ತಿಂದ್ಯಲ್ಲ, ಅದೇ ನೀಲಿ.”

ಅವನು ಕೀಲಿ ಒತ್ತಿ ಮುಂದಕ್ಕೆ ಹೋದ.

“ಕೆಂಪು ಬಟ್ಟಲು. ಅಮ್ಮ ಗೋಡೆಗೆ ನೇತುಹಾಕ್ತಿದ್ದ ಮೆಣಸಿನಕಾಯಿ, ಇನ್ನೂ ಒಣಗಿರದ ಕೆಂಪು.”

“ಹಳದಿ ಹೂಜಿ. ನಿನಗೆ ಕಣ್ಣು ಕಾಣ್ತಿದ್ದ ಕೊನೇ ಬೇಸಿಗೇಲಿ ಹಿತ್ತಲ ತುಂಬಾ ನಿಂಬೆಹಣ್ಣು ಬಿಟ್ಟಿತ್ತಲ್ಲ, ಹಂಗೆ.”

ಅವನು ಕಂಡಿದ್ದ ಬಣ್ಣಗಳನ್ನೇ ಹುಡುಕಿ ಹುಡುಕಿ, ಆ ಈದ್‌ಗೆ ಮುಂಚೆಯೇ ಒಂದೊಂದು ಚಿತ್ರದ ಬೆನ್ನಿಗೂ, ಈ ದನಿ ಮಾತ್ರ ಓದಬಲ್ಲ ವಿವರಣೆ ಬರೆದಿಟ್ಟಿದ್ದಳು. ಪುದೀನಾ ಚಹಾ ತಂದ ಹಯಾತ್ ಅವನ ಮುಖ ನೋಡಿ ಲೋಟವನ್ನು ಕೈಯಲ್ಲೇ ಹಿಡಿದುಕೊಂಡಳು.

“ಏನಾಯ್ತು ನಿಂಗೆ?”

“ಎಂಥ ಕತ್ತೆ ನಾನು, ಹಯಾತ್. ಫೋನ್ ಕೊಡು.”

ಅತ್ತ ದಲೀಲಾ ಕುಂಚ ತೊಳೆಯುತ್ತಿದ್ದ ನೀರಿನ ಸದ್ದು ಕೇಳಿಸಿತು. “ಏನೋ, ಈದ್ ಇನ್ನೂ ದೂರ ಇದೆ. ಯಾರಿಗೇನಾಯ್ತು?”

“ಯಾರಿಗೂ ಏನಿಲ್ಲ ಅಕ್ಕಾ. ಚಿತ್ರ ನೋಡ್ದೆ.”

ನೀರಿನ ಸದ್ದು ನಿಂತಿತು.

“ಈಗ್ಲಾ?” ಎಂದಳು.

“ಹೊಸದಕ್ಕೂ ಬರಿಯೇ. ಎಲ್ಲಾ ನೋಡ್ತೀನಿ.”

“ನಿಂಗೆ ಬೇಡ ಅನ್ಕೊಂಡು ಬರೆಯೋದ್ನೇ ಬಿಟ್ಬಿಟ್ಟೆ ಕಣೋ. ಈಗ ಆ ಬಾಗಿಲ ನೀಲಿ ನಂಗೂ ಸರಿಯಾಗಿ ನೆನಪಿಗೆ ಬರಲ್ಲ.”

ಕ್ಷಮಿಸು ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಕಂಪ್ಯೂಟರಿನ ದನಿ ತನ್ನ ಪಾಡಿಗೆ ಓದುತ್ತ ಹೊಸ ತಟ್ಟೆಗಳವರೆಗೆ ಬಂದಿತ್ತು.

“ಚಿತ್ರ. ವಿವರಣೆ ಇಲ್ಲ. ಚಿತ್ರ. ವಿವರಣೆ ಇಲ್ಲ.”

ಹಯಾತ್ ಅದನ್ನು ನಿಲ್ಲಿಸಲು ಕೈ ಚಾಚಿದಳು. ಸಾದೋಕ್ ಅವಳ ಕೈ ತಡೆದು, ಫೋನನ್ನು ಕಿವಿಗೊತ್ತಿಕೊಂಡು, ಕೇಳುತ್ತ ಕೂತ.